ಸನ್ಮಾನದ ಅಳತೆ

(ಶ್ರೀಮಠದ ಮಹೋತ್ಸವದ ಅಂಗವಾಗಿ ವಿದ್ಯಾದಾಸೋಹಿಗಳನ್ನೂ, ಗುಣವಂತ ವಿದ್ಯಾರ್ಥಿಗಳನ್ನೂ, ಶಿಕ್ಷಕ ಮತ್ತು ಸೇವಕವರ್ಗದವರನ್ನೂ ಸನ್ಮಾನಿಸಿದ ಸಭೆಯಲ್ಲಿ ಮಾಡಿದ ಭಾಷಣ)

 

ಈ ದಿನ ಶ್ರೀಮಠದ ವಿದ್ಯಾಶಾಲೆಗಳಿಗೂ ಪ್ರಸಾದನಿಲಯಕ್ಕೂ ನೆರವಾದ ಮಹನೀಯರನ್ನು, ಓದಿನಲ್ಲಿಯೂ ನಡತೆಯಲ್ಲಿಯೂ ಮೇಲ್ಮೆಯನ್ನು ಪಡೆದ ವಿದ್ಯಾರ್ಥಿಗಳನ್ನು, ಮತ್ತು ಈ ಶಾಲೆಗಳನ್ನು ತಮ್ಮ ಬೆವರಿನಿಂದ ನಡೆಸಿಕೊಂಡು ಬಂದಿರುವ ಶಿಕ್ಷಕರನ್ನೂ ಸೇವಕರನ್ನೂ ಒಂದೇ ವೇದಿಕೆಯಲ್ಲಿ ಕೂಡ್ರಿಸಿ ಗೌರವಿಸಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿರುವರು. ಈ ಸಂದರ್ಭಕ್ಕೆ ಉಚಿತವಾದ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುವ ಭಾರವು ನನ್ನ ಮೇಲೆ ಬಿದ್ದಿರುವದು. ನಾನು ವ್ಯಾಕರಣದ ನೆರಳಿನಲ್ಲಿ ಬೆಳೆದವನು. ಯಾವ ವಿಷಯವು ಮುಂದೆ ಬಂದರೂ ಮೊದಲು ಅದರ ಶಬ್ದವನ್ನು ಬಿಡಿಸಿ ನೋಡುವದು ಪಾಠಶಾಲೆಯವರ ರೂಢಿ. ಆದುದರಿಂದ ‘ಸನ್ಮಾನ’ವೆಂಬ ಶಬ್ದದಿಂದಲೇ ಆರಂಭಿಸುವೆನು, ಸಭೆಯವರು ಸೈರಿಸಬೇಕು.

‘ಮಾನ’ವೆಂಬ ಶಬ್ದಕ್ಕೆ ಎರಡು ಹುಟ್ಟುಗಳುಂಟು. ಮನನ ಮಾಡು, ಬಗೆ ಎಂಬರ್ಥದ ಧಾತುವಿನಿಂದ ಹುಟ್ಟಿದ ಮಾನಕ್ಕೆ ಗೌರವವೆಂದರ್ಥ. ಅಳೆ ಎಂಬರ್ಥದ ಧಾತುವಿನಿಂದ ಹುಟ್ಟಿದ ಮಾನಕ್ಕೆ ಅಳತೆಯೆಂದರ್ಥ. ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ಕೊಳಗ, ಸೊಲಗೆಗಳ ಜೊತೆಗೆ ಮಾನವೆಂಬ ಧಾನ್ಯದ ಅಳತೆಯೂ ಬರುವದು. ಎರಡು ಬೇರೆ ಧಾತುಗಳಿಂದ ಹುಟ್ಟಿದರೂ ಈ ಎರಡು ಶಬ್ದಗಳು ಕಿವಿಗೆ ಒಂದೇ ಆಗಿ ಕೇಳಿಸುವವು. ಇದು ಆಕಸ್ಮಿಕವಿರಬಹುದು, ಆದರೆ ಇದರಲ್ಲಿ ನಮಗೊಂದು ಪಾಠವುಂಟು. ಯಾರನ್ನಾದರೂ ಗೌರವಿಸುವಾಗ ನಾವು ಅವರನ್ನು ಅಳೆಯುತ್ತಲೂ ಇರುವೆವು. ಹಾಗೆ ಅಳೆಯುವ ಪಾತ್ರೆಯು ಸರಿಯಾಗಿದ್ದರೆ ಅದು ಸನ್ಮಾನ. ಪಾತ್ರೆಯ ತಳದಲ್ಲಿ ತೂತು ಇದ್ದರೆ, ಅಥವಾ ಅಂಗಡಿಕಾರನು ಕೊಡುವದಕ್ಕೊಂದು ಕೊಳ್ಳುವದಕ್ಕೊಂದು ಎಂದು ಎರಡು ಪಾತ್ರೆಗಳನ್ನು ಇಟ್ಟುಕೊಂಡಿದ್ದರೆ, ಶಾಲು ಹೊದಿಸಿದರೂ ಫಲ ಕೊಟ್ಟರೂ ಅದು ಸನ್ಮಾನವಾಗುವದಿಲ್ಲ.

ಈ ಮಾತನ್ನು ಈಗೇಕೆ ಎತ್ತಿದೆನೆಂದರೆ, ಮುಂದಿನ ವರ್ಷದಿಂದ ಈ ಸಮಾರಂಭವನ್ನು ಯಾವ ರೀತಿಯಿಂದ ನಡೆಸಬೇಕೆಂಬ ವಿಚಾರವು ಭಕ್ತಮಂಡಲಿಯ ಮುಂದೆ ಇರುವದು. ಹಿತಚಿಂತಕರಾದ ಕೆಲವರು ಮೂರು ಸೂಚನೆಗಳನ್ನು ಮಾಡಿರುವರು. ದಾಸೋಹಿಗಳ ಹೆಸರುಗಳನ್ನು ಅವರವರ ಕಾಣಿಕೆಯ ಮೊತ್ತದೊಡನೆ ಓದಿ, ಆ ಮೊತ್ತದ ಕ್ರಮದಿಂದಲೇ ಆಸನ ಕೊಡಬೇಕೆಂಬದು ಮೊದಲನೆಯದು. ವಿದ್ಯಾರ್ಥಿಗಳನ್ನು ಪರೀಕ್ಷೆಯ ಅಂಕಗಳ ಮೇಲಿಂದ ಮಾತ್ರ ಆರಿಸಬೇಕೆಂಬದು ಎರಡನೆಯದು. ಸಭೆಯು ಬಹಳ ಹೊತ್ತು ಬೆಳೆಯುವದರಿಂದ ಅಡಿಗೆಯವರು, ಕಾವಲಿನವರು ಮೊದಲಾದವರನ್ನು ಬೇರೊಂದು ದಿನ ಬೇರೊಂದು ಕಡೆಯಲ್ಲಿ ಗೌರವಿಸಬಹುದೆಂಬದು ಮೂರನೆಯದು. ಈ ಸೂಚನೆಗಳನ್ನು ಮಾಡಿದವರ ಮನಸ್ಸು ಒಳ್ಳೆಯದು. ಮಠಕ್ಕೆ ಹೆಚ್ಚು ನೆರವು ಬರಲಿ, ಮಕ್ಕಳು ಹೆಚ್ಚು ಓದಲಿ, ವೃದ್ಧರಿಗೆ ಆಯಾಸವಾಗದಿರಲಿ ಎಂಬದೇ ಅವರ ಆಶಯ. ಆದರೆ ಈ ಮೂರೂ ಅಳತೆಗಳು ನಮ್ಮ ಹಿರಿಯರು ಬಳಸಿದ ಅಳತೆಗಳಲ್ಲವೆಂಬದನ್ನು ಸಭೆಯ ಮುಂದಿಡುವದು ನನ್ನ ಕರ್ತವ್ಯವೆಂದು ತಿಳಿಯುತ್ತೇನೆ.

ಇಲ್ಲಿ ಮೊದಲು ಒಂದು ಪೂರ್ವಪಕ್ಷವನ್ನು ಪರಿಹರಿಸಬೇಕು. ದಾಸೋಹವೆಂದರೆ ‘ದಾಸನು ನಾನು’ ಎಂಬ ಭಾವ. ದಾನದಲ್ಲಿ ಕೊಡುವವನ ಕೈ ಮೇಲಿರುವದು, ಕೊಳ್ಳುವವನ ಕೈ ಕೆಳಗಿರುವದು. ದಾಸೋಹದಲ್ಲಿ ಕೊಡುವವನೇ ತಲೆಬಾಗಿರುವನು. ಹೀಗಿರುವಾಗ ದಾಸೋಹಿಗೆ ಸನ್ಮಾನವೆಂಬದೇ ವಿರುದ್ಧವಲ್ಲವೇ, ತಲೆಬಾಗಿ ಕೊಟ್ಟವನ ತಲೆಯನ್ನು ನಾವು ಎತ್ತಿಸಿ ಕೆಡಿಸಿದಂತಾಗುವದಿಲ್ಲವೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆಯು ಸಾಧಾರಣವಾದುದಲ್ಲ. ಇದಕ್ಕೆ ಸಮಾಧಾನವೇನೆಂದರೆ: ಸನ್ಮಾನವು ಕೊಟ್ಟವನಿಗೆ ತೀರಿಸುವ ಬೆಲೆಯಲ್ಲ, ಕೊಂಡವನು ಕಲಿಯಬೇಕಾದ ಪಾಠ. ಕೃತಜ್ಞನೆಂದರೆ ತನಗೆ ಮಾಡಲ್ಪಟ್ಟುದನ್ನು ಅರಿತವನು. ಪ್ರಸಾದನಿಲಯದ ಮಗುವು ತನ್ನ ತಟ್ಟೆಯ ರೊಟ್ಟಿಯು ಯಾವ ಹೊಲದಿಂದ ಬಂದಿತು, ಅದನ್ನು ತಟ್ಟಿದ ಕೈ ಯಾವದು, ತನಗೆ ಅಕ್ಷರ ಕಲಿಸಿದವರು ಏನನ್ನು ಬಿಟ್ಟುಕೊಟ್ಟು ಬಂದರು ಎಂಬದನ್ನು ಅರಿಯದೆ ಬೆಳೆದರೆ, ಅದು ವಿದ್ಯಾವಂತನಾದೀತೇ ಹೊರತು ಕೃತಜ್ಞನಾಗಲಾರದು. ಅಂಥ ವಿದ್ಯಾವಂತನಿಂದ ಮುಂದಿನ ಮಗುವಿಗೆ ರೊಟ್ಟಿಯು ದೊರೆಯುವದಿಲ್ಲ. ಆದುದರಿಂದ ಸನ್ಮಾನವು ಬೇಕು. ಅದನ್ನು ಯಾವ ಅಳತೆಯಿಂದ ಮಾಡಬೇಕೆಂಬದಷ್ಟೇ ವಿಚಾರ.

ದಾಸೋಹಿಗಳ ಅಳತೆಯನ್ನು ಮೊದಲು ನೋಡೋಣ. ಆಯ್ದಕ್ಕಿ ಮಾರಯ್ಯನವರ ಕಥೆಯು ನಿಮಗೆಲ್ಲರಿಗೂ ಬಲ್ಲದೇ. ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳ ಕಾಯಕವು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದು, ಅದರಿಂದ ದಾಸೋಹ ಮಾಡುವದು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಕಂಡು ಸಂತೋಷಪಡಲಿಲ್ಲ. ಈ ಹೆಚ್ಚಳವು ನಮ್ಮದಲ್ಲ, ಇದು ಆಸೆಯಿಂದ ಬಂದುದು, ಮರಳಿ ಅಲ್ಲಿಯೇ ಸುರಿದು ಬನ್ನಿರಿ ಎಂದರು. ಮಾರಯ್ಯನವರು ಹಾಗೆಯೇ ಮಾಡಿದರು. ಈ ಕಥೆಯನ್ನು ನಾವು ಕಾಯಕದ ಮಹಿಮೆಗಾಗಿ ಹೇಳುತ್ತೇವೆ. ಆದರೆ ಇದರಲ್ಲಿ ಅಳತೆಯ ಮಹಿಮೆಯೂ ಇರುವದು. ಲಕ್ಕಮ್ಮನವರ ಕೈಯಲ್ಲಿದ್ದ ಪಾತ್ರೆಯು ಚಿಕ್ಕದು. ಆದರೆ ಅದು ಸರಿಯಾದ ಮಾನ. ಆ ಪಾತ್ರೆಗೆ ಹೆಚ್ಚು ಬಂದಿತೇ ಎಂಬದು ಮುಖ್ಯವಲ್ಲ, ಎಲ್ಲಿಂದ ಬಂದಿತು, ಹೇಗೆ ಬಂದಿತು ಎಂಬದೇ ಮುಖ್ಯ. ಕಾಣಿಕೆಯ ಮೊತ್ತವನ್ನು ಗಟ್ಟಿಯಾಗಿ ಓದುವ ಸಭೆಯಲ್ಲಿ ಲಕ್ಕಮ್ಮನವರು ಯಾವ ಸಾಲಿನಲ್ಲಿ ಕೂಡ್ರಬೇಕು? ನನಗೆ ತೋರುವಂತೆ, ಕಟ್ಟಕಡೆಯ ಸಾಲಿನಲ್ಲಿ. ಅವರಿಗೆ ಕಟ್ಟಕಡೆಯ ಸಾಲನ್ನು ತೋರಿಸುವ ಅಳತೆಯು ಶರಣರ ಮನೆಯ ಅಳತೆಯಾಗಲಾರದು.

ಇದನ್ನು ಕೇಳಿ, ದೊಡ್ಡ ದಾಸೋಹಕ್ಕೆ ಬೆಲೆಯಿಲ್ಲವೇ ಎಂದು ಆಢ್ಯರು ಮುನಿಯಬಾರದು. ಬೆಲೆಯುಂಟು, ಬಹಳ ದೊಡ್ಡ ಬೆಲೆಯುಂಟು. ಶಿರಸಂಗಿಯ ಲಿಂಗರಾಜ ದೇಸಾಯಿಯವರನ್ನು ನೆನೆಯಿರಿ. 1861ರಲ್ಲಿ ಹುಟ್ಟಿ 1906ರಲ್ಲಿ ಲಿಂಗೈಕ್ಯರಾದ ಅವರು ಬದುಕಿದ್ದು ನಲವತ್ತೈದು ವರ್ಷಗಳ ಕಾಲ ಮಾತ್ರ. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನವು ಕೂಡಿದಾಗ ಅಧ್ಯಕ್ಷ ಪದವಿಯನ್ನು ಅಲಂಕರಿಸಿದವರು ಅವರೇ. ಅದಾದ ಎರಡೇ ವರ್ಷಗಳಲ್ಲಿ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದ ಮೂಲಕ ಮೀಸಲಾಗಿರಿಸಿ ಕಣ್ಮುಚ್ಚಿದರು. ಆ ನಿಧಿಯಿಂದ ವಿದ್ಯಾರ್ಥಿವೇತನವನ್ನು ಪಡೆದು ಓದಿ ಮೇಲೆ ಬಂದವರು ಅನೇಕರು. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಕಾಲೇಜಿಗೆ ಅವರ ಹೆಸರನ್ನೇ ಇಡಲಾಯಿತು. ಆಗ ಅವರು ಲಿಂಗೈಕ್ಯರಾಗಿ ಇಪ್ಪತ್ತೇಳು ವರ್ಷಗಳಾಗಿದ್ದವು. ತಾವು ನೆಟ್ಟ ಮರದ ನೆರಳಿನಲ್ಲಿ ಅವರು ಒಂದು ದಿನವಾದರೂ ಕೂಡ್ರಲಿಲ್ಲ; ಅದರ ಒಂದು ಹಣ್ಣನ್ನು ರುಚಿ ನೋಡಲಿಲ್ಲ. ಅವರ ಕೊರಳಿಗೆ ಆ ಮಕ್ಕಳಲ್ಲೊಬ್ಬರೂ ಹಾರ ಹಾಕಲಿಲ್ಲ. ಹಾಗಾದರೆ ಅವರನ್ನು ನಾವು ದೊಡ್ಡವರೆನ್ನುವದು ಆಸ್ತಿಯು ದೊಡ್ಡದಾಗಿದ್ದ ಮೂಲಕವೇ? ದೊಡ್ಡ ಆಸ್ತಿಯುಳ್ಳ ದೇಸಗತಿಗಳು ನಮ್ಮ ನಾಡಿನಲ್ಲಿ ಎಷ್ಟೋ ಇದ್ದವು. ಅವುಗಳಲ್ಲಿ ಬಹಳಷ್ಟರ ಹೆಸರು ಇಂದು ಗೋಡೆಯ ಕಲ್ಲಿನಲ್ಲಿಯೂ ಇಲ್ಲ, ಜನರ ಬಾಯಲ್ಲಿಯೂ ಇಲ್ಲ. ಲಿಂಗರಾಜರ ದೊಡ್ಡಸ್ತಿಕೆಯು, ತಾನು ಕಾಣದ ಮಗುವಿಗಾಗಿ ಕೊಟ್ಟುದರಲ್ಲಿರುವದು. ಇದೇ ದಾಸೋಹಿಯ ಮೊದಲನೆಯ ಅಳತೆ. ಕೊಟ್ಟವನು ಮರೆಯಾದ ಮೇಲೆಯೂ ಕೊಟ್ಟುದು ನಡೆಯುತ್ತಿರಬೇಕು.

ಅದೇ ಪರಂಪರೆಯಲ್ಲಿ ವಂಟಮುರಿಯ ರಾಜಾ ಲಖಮಗೌಡರ ಹೆಸರು ಬೆಳಗಾವಿಯ ವಿಜ್ಞಾನ ಕಾಲೇಜಿನಲ್ಲಿಯೂ, ಭೂಮರಡ್ಡಿಯವರ ಹೆಸರು 1947ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜಿನಲ್ಲಿಯೂ ಉಳಿದುಕೊಂಡಿರುವವು. ಆದರೆ ಈ ದೊಡ್ಡ ಹೆಸರುಗಳ ಮಗ್ಗುಲಲ್ಲಿಯೇ ಹೆಸರಿಲ್ಲದ ದಾಸೋಹಿಗಳ ಒಂದು ದೊಡ್ಡ ಸಮುದಾಯವು ನಿಂತಿರುವದನ್ನು ಮರೆಯಬಾರದು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ಹಳ್ಳಿಹಳ್ಳಿಗೂ ಭಿಕ್ಷಕ್ಕೆ ದಯಮಾಡಿಸಿ ಮಕ್ಕಳ ಅನ್ನವನ್ನು ಕೂಡಿಸಿದ್ದು ನಾಡಿಗೆಲ್ಲ ಗೊತ್ತಿರುವ ಸಂಗತಿ. ರಾಗಿಯನ್ನು ಕೊಟ್ಟ ರೈತನು, ತೆಂಗಿನಕಾಯಿಯನ್ನು ಕೊಟ್ಟ ಮುದುಕಿಯು, ಗಾಡಿಯ ತುಂಬ ಸೌದೆಯನ್ನು ತಂದು ಹಾಕಿ ನೀರು ಕುಡಿದು ಹೊರಟುಹೋದ ತರುಣನು, ಇವರಾರ ಹೆಸರೂ ಯಾವ ಕಲ್ಲಿನಲ್ಲಿಯೂ ಇಲ್ಲ. ಆದರೆ ಸುಮಾರು ಹತ್ತು ಸಾವಿರ ಮಕ್ಕಳು ಜಾತಿಮತಗಳ ಭೇದವಿಲ್ಲದೆ ಅಲ್ಲಿ ಉಂಡು ಓದುವದು ಈ ಹೆಸರಿಲ್ಲದವರ ಬಲದಿಂದಲೇ. 1907ರಲ್ಲಿ ಮಾಗಡಿ ತಾಲೂಕಿನ ವೀರಾಪುರದಲ್ಲಿ ಹುಟ್ಟಿದ ಆ ಮಹಾಸ್ವಾಮಿಗಳವರು 2019ನೆಯ ಜನವರಿ 21ರಂದು ಲಿಂಗೈಕ್ಯರಾದಾಗ, ಮಕ್ಕಳ ಊಟವು ಮುಗಿದ ಮೇಲೆಯೇ ಆ ವಾರ್ತೆಯನ್ನು ಹೊರಗೆಡಹಲಾಯಿತು. ಅದು ಅವರದೇ ಇಚ್ಛೆಯಾಗಿತ್ತೆಂದು ಹೇಳುವರು. ಆ ದಿನವನ್ನೇ ನಮ್ಮ ರಾಜ್ಯ ಸರಕಾರವು 2021ರಲ್ಲಿ ದಾಸೋಹ ದಿನವೆಂದು ಸಾರಿತು. ಅವರಿಗೆ 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಮೊದಲಾದ ಗೌರವಗಳು ಬಂದಿದ್ದವು. ಆದರೆ ತನ್ನ ಸಾವಿನ ಸುದ್ದಿಯು ಒಂದು ಮಗುವಿನ ತುತ್ತನ್ನು ತಡೆಯಬಾರದೆಂದು ಬಗೆದ ಮನಸ್ಸಿಗೆ ಯಾವ ಪದಕವು ಸರಿದೂಗೀತು?

ಇನ್ನು ಶಿಕ್ಷಕರ ಅಳತೆ. ಮುಂಬಯಿ ಪ್ರಾಂತದೊಳಗಿದ್ದ ನಮ್ಮ ಕನ್ನಡ ಜಿಲ್ಲೆಗಳಲ್ಲಿ ಒಂದು ಕಾಲಕ್ಕೆ ಕನ್ನಡದ ಮಕ್ಕಳೂ ಮರಾಠಿಯಲ್ಲಿಯೇ ಓದಬೇಕಾಗಿದ್ದಿತು. ಆ ಕಾಲದಲ್ಲಿ ವಿದ್ಯಾಖಾತೆಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ, ಆ ಹುದ್ದೆಯ ಹೆಸರೇ ತಮ್ಮ ಹೆಸರಿನ ಮೊದಲ ಭಾಗವಾಗುವಷ್ಟು ದುಡಿದವರು ಡೆಪ್ಯುಟಿ ಚನ್ನಬಸಪ್ಪನವರು. 1834ರಿಂದ 1881ರವರೆಗೆ ಬಾಳಿದ ಅವರು ಕನ್ನಡ ಶಾಲೆಗಳನ್ನು ಬೆಳೆಯಿಸಿದರು, ಶಿಕ್ಷಕರನ್ನು ತಯಾರಿಸಿದರು, ಪುಸ್ತಕಗಳಿಲ್ಲದ ಕಡೆಯಲ್ಲಿ ತಾವೇ ಬರೆದರು. ಸರಕಾರದ ಚಾಕರಿಯಲ್ಲಿದ್ದವನು ಸಂಬಳವನ್ನು ತೆಗೆದುಕೊಂಡು ಹೇಳಿದಷ್ಟನ್ನು ಮಾಡಿ ಸುಮ್ಮನಿರಬಹುದಾಗಿದ್ದಿತು. ಹೇಳಿದುದಕ್ಕಿಂತ ಹೆಚ್ಚನ್ನು, ಅದೂ ತನ್ನ ನುಡಿಗಾಗಿ, ತನ್ನವರ ಮಕ್ಕಳಿಗಾಗಿ ಮಾಡಿದುದರಿಂದಲೇ ಒಂದು ಹುದ್ದೆಯ ಹೆಸರು ಪೂಜ್ಯವಾಯಿತು.

ಮುಂದೆ 1916ನೆಯ ನವೆಂಬರ್ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಹುಟ್ಟಿತು. ಅದನ್ನು ಹುಟ್ಟಿಸಿದವರು ಏಳು ಜನ ಶಿಕ್ಷಕರು. ಜನರು ಅವರನ್ನು ಪ್ರೀತಿಯಿಂದ ಸಪ್ತರ್ಷಿಗಳೆಂದು ಕರೆದರು. ವಚನಗಳ ಸಂಪಾದನೆಯಿಂದ ಹೆಸರಾದ ಶಿ. ಶಿ. ಬಸವನಾಳರು ಅವರಲ್ಲೊಬ್ಬರು, ಎಂ. ಆರ್. ಸಾಖರೆಯವರು ಇನ್ನೊಬ್ಬರು. ಈ ಸಂಗತಿಯಲ್ಲಿ ವಿಚಾರ ಮಾಡತಕ್ಕ ಅಂಶವೊಂದುಂಟು. ನಾವು ಸಾಮಾನ್ಯವಾಗಿ, ದಾನಿಗಳು ಸಂಸ್ಥೆಯನ್ನು ಕಟ್ಟುವರು, ಶಿಕ್ಷಕರು ಅಲ್ಲಿ ಬಂದು ಸಂಬಳಕ್ಕೆ ಸೇರುವರು ಎಂದು ತಿಳಿಯುತ್ತೇವೆ. ಇಲ್ಲಿ ಶಿಕ್ಷಕರೇ ಮೊದಲು ನಿಂತರು. ದಾನಿಗಳು ಅವರ ಬೆನ್ನಿಗೆ ಬಂದು ನಿಂತರು. ಅವರ ಮೊದಲನೆಯ ಪ್ರೌಢಶಾಲೆಗೆ ಗಿಲಗಂಚಿ ಮತ್ತು ಅರಟಾಳ ಎಂಬ ಇಬ್ಬರು ಹಿರಿಯ ಪೋಷಕರ ಮನೆತನದ ಹೆಸರುಗಳನ್ನು ಕೂಡಿಸಿ ಇಟ್ಟರು. ಸಪ್ತರ್ಷಿಗಳಲ್ಲಿ ಯಾರೂ ಅದಕ್ಕೆ ತಮ್ಮ ಹೆಸರನ್ನು ಇಟ್ಟುಕೊಳ್ಳಲಿಲ್ಲ. ಆ ಒಂದು ಶಾಲೆಯಿಂದ ಬೆಳೆದ ಸಂಸ್ಥೆಯಲ್ಲಿ ಇಂದು ಇನ್ನೂರಕ್ಕೂ ಮಿಕ್ಕಿದ ಅಂಗಸಂಸ್ಥೆಗಳಿರುವವು. ಶಿಕ್ಷಕನು ತನ್ನ ಹೆಸರನ್ನು ಗೋಡೆಯ ಮೇಲಲ್ಲ, ಮಕ್ಕಳ ಮೇಲೆ ಬರೆಯುವನು. ಆದುದರಿಂದ ಅವನ ಅಳತೆಯನ್ನು ಹುಡುಕಬೇಕಾದುದು ಮಕ್ಕಳಲ್ಲಿ.

ವಿಜಯಪುರದ ಫ. ಗು. ಹಳಕಟ್ಟಿಯವರ ಬಾಳನ್ನೂ ಇಲ್ಲಿಯೇ ನೆನೆಯಬೇಕು. ಅವರು ವೃತ್ತಿಯಿಂದ ವಕೀಲರು. 1910ರಲ್ಲಿ ವಿಜಯಪುರದಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಕಟ್ಟಿದರು. 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರಗೆ ತಂದರು. 1926ರಲ್ಲಿ ಶಿವಾನುಭವವೆಂಬ ಪತ್ರಿಕೆಯನ್ನು ಆರಂಭಿಸಿದರು. ಮುದ್ರಣದ ಖರ್ಚಿಗಾಗಿ ಇದ್ದ ಮನೆಯನ್ನೇ ಮಾರಿಕೊಂಡರು. ಓಲೆಗರಿಗಳಲ್ಲಿ ಹುಳ ತಿನ್ನುತ್ತಿದ್ದ ನುಡಿಗಳು ಇಂದು ಶಾಲೆಯ ಮಗುವಿನ ಬಾಯಲ್ಲಿ ಇರುವದಕ್ಕೆ ಆ ಮಾರಿದ ಮನೆಯೂ ಒಂದು ಕಾರಣ. 1964ರಲ್ಲಿ ಅವರು ಲಿಂಗೈಕ್ಯರಾದಾಗ ಅವರು ಬಿಟ್ಟುಹೋದ ಸಿರಿಯೆಂದರೆ ಪುಸ್ತಕಗಳು ಮತ್ತು ಶಾಲೆಗಳು. ಇವರನ್ನು ದಾಸೋಹಿಗಳ ಸಾಲಿನಲ್ಲಿ ಕೂಡ್ರಿಸಬೇಕೋ, ವಿದ್ಯಾಗುರುಗಳ ಸಾಲಿನಲ್ಲಿ ಕೂಡ್ರಿಸಬೇಕೋ ಹೇಳಿರಿ. ದುಡ್ಡನ್ನು ಕೊಟ್ಟವರು ಒಂದು ಸಾಲು, ದುಡಿಮೆಯನ್ನು ಕೊಟ್ಟವರು ಇನ್ನೊಂದು ಸಾಲು ಎಂದು ಬೇರ್ಪಡಿಸಿದರೆ ಹಳಕಟ್ಟಿಯವರಿಗೆ ಎರಡರಲ್ಲಿಯೂ ಅರ್ಧ ಆಸನವೇ ಸಿಕ್ಕೀತು.

ಇನ್ನು ವಿದ್ಯಾರ್ಥಿಗಳ ಅಳತೆ. ಇದು ಎಲ್ಲಕ್ಕಿಂತ ನಾಜೂಕಾದುದು. ಏಕೆಂದರೆ ಹಿರಿಯರನ್ನು ತಪ್ಪಾಗಿ ಅಳೆದರೆ ಅವರು ನಕ್ಕು ಸುಮ್ಮನಾಗುವರು, ಮಗುವನ್ನು ತಪ್ಪಾಗಿ ಅಳೆದರೆ ಅದು ಆ ಅಳತೆಯನ್ನೇ ನಂಬಿಬಿಡುವದು. ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳವರು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಇಬ್ಬರು ಕುರುಡ ಅಣ್ಣತಮ್ಮಂದಿರ ಹಾಡಿಕೆಯನ್ನು ಕೇಳಿದರು. ಆ ಕಾಲದ ಯಾವ ಶಾಲೆಯ ಅಳತೆಯಿಂದ ನೋಡಿದರೂ ಆ ಮಕ್ಕಳು ಶೂನ್ಯ. ಪಾಟಿಯ ಮೇಲೆ ಬರೆಯಲಾರರು, ಪುಸ್ತಕ ಓದಲಾರರು, ಪರೀಕ್ಷೆಗೆ ಕೂಡ್ರಲಾರರು. ಸ್ವಾಮಿಗಳವರು ಅವರನ್ನು ಕಣ್ಣಿನಿಂದ ಅಳೆಯದೆ ಕಿವಿಯಿಂದ ಅಳೆದರು. ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತವನ್ನು ಕಲಿಸಿದರು. ಅವರಲ್ಲೊಬ್ಬನಾದ ಗದಿಗೆಯ್ಯನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳಾದದ್ದು. 1909ರಲ್ಲಿ ಸ್ಥಾಪಿತವಾದ ಶಿವಯೋಗಮಂದಿರದಲ್ಲಿ ಆ ಅಂಧ ಬಾಲಕನ ವಿದ್ಯೆಗಾಗಿ ಉಸ್ತಾದ್ ಅಬ್ದುಲ್ ವಹೀದ್ ಖಾನರನ್ನು ಬರಮಾಡಿಕೊಂಡರು. ಮಠದ ಮಗುವಿಗೆ ಮುಸಲ್ಮಾನ ಗುರುವು ಹೇಗೆಂದು ಆ ಹಿರಿಯರು ಕೇಳಲಿಲ್ಲ. ವಿದ್ಯೆಯು ಎಲ್ಲಿರುವದೋ ಅಲ್ಲಿಗೆ ತಲೆಬಾಗಿದರು.

ಹಾಗೆ ಪಡೆದ ವಿದ್ಯೆಯನ್ನು ಪಂಚಾಕ್ಷರ ಗವಾಯಿಗಳು ಏನು ಮಾಡಿದರು? ಊರೂರು ತಿರುಗುತ್ತ, ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳನ್ನೂ ಅನಾಥ ಮಕ್ಕಳನ್ನೂ ಕೂಡಿಸಿಕೊಂಡು ಹಾಡು ಕಲಿಸಿದರು; ಅವರ ಅನ್ನಕ್ಕಾಗಿ ತಾವು ಬೇಡಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಆ ತಿರುಗಾಟದ ಫಲ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಶಿಷ್ಯರಾದ, ತಾವೂ ಅಂಧರಾದ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಭಾರವನ್ನು ಹೊತ್ತರು. ಬಸವರಾಜ ರಾಜಗುರುಗಳಂಥ ಗಾಯಕರು ಆ ಗುರುಪರಂಪರೆಯಲ್ಲಿ ಬೆಳಗಿದರು. ಒಬ್ಬ ಬಾಲಕನನ್ನು ಸರಿಯಾಗಿ ಅಳೆದುದರಿಂದ ಎಷ್ಟು ಮಕ್ಕಳಿಗೆ ಬಾಳು ದೊರೆಯಿತೆಂಬದನ್ನು ಲೆಕ್ಕ ಹಾಕುವವರು ಯಾರು? ಇಲ್ಲಿ ವಿದ್ಯಾರ್ಥಿಯ ನಿಜವಾದ ಅಳತೆಯು ಎರಡು ರೀತಿಯಿಂದ ಕಾಣುವದು. ಹೊರಟ ಸ್ಥಳದಿಂದ ಮಗುವು ಎಷ್ಟು ದೂರ ನಡೆಯಿತೆಂಬದು ಒಂದು. ತಾನು ಪಡೆದುದನ್ನು ಇನ್ನೊಬ್ಬರಿಗೆ ಎಷ್ಟು ದಾಟಿಸಿತೆಂಬದು ಇನ್ನೊಂದು. ಅಂಕಪತ್ರದಲ್ಲಿ ಈ ಎರಡಕ್ಕೂ ಅಂಕಣವಿಲ್ಲ.

ಅಂಕಗಳನ್ನು ಹಳಿಯಬೇಕೆಂದು ನಾನು ಹೇಳುತ್ತಿಲ್ಲ. ಶ್ರದ್ಧೆಯಿಂದ ಓದಿ ಮೊದಲನೆಯವರಾಗಿ ಬಂದ ಮಕ್ಕಳು ಇಲ್ಲಿ ಕುಳಿತಿರುವರು. ಅವರ ಶ್ರಮವು ಪೂಜ್ಯವಾದುದು. ಆದರೆ ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ನನ್ನ ಸಹಪಾಠಿಯೊಬ್ಬನಿದ್ದನು. ಅಮರಕೋಶದ ಒಂದು ವರ್ಗವು ನಮಗೆ ಒಂದು ವಾರದಲ್ಲಿ ಕಂಠಸ್ಥವಾದರೆ ಅವನಿಗೆ ಒಂದು ತಿಂಗಳು ಬೇಕಾಗುತ್ತಿದ್ದಿತು. ಆದರೆ ಹೊಸದಾಗಿ ಬಂದ ಚಿಕ್ಕ ಹುಡುಗರು ರಾತ್ರಿಯಲ್ಲಿ ತಾಯಿಯನ್ನು ನೆನೆದು ಅಳುತ್ತಿರುವಾಗ ಅವರ ಪಕ್ಕದಲ್ಲಿ ಕುಳಿತು, ತನ್ನ ಕಂಬಳಿಯನ್ನು ಹೊದಿಸಿ, ಮರುದಿನದ ಪಾಠವನ್ನು ಹತ್ತು ಸಲ ಹೇಳಿಕೊಟ್ಟು ಮಲಗಿಸುತ್ತಿದ್ದವನು ಅವನೇ. ಆ ಚಿಕ್ಕವರಲ್ಲಿ ಇಬ್ಬರು ಮುಂದೆ ವಿದ್ವತ್ ಪದವಿಯನ್ನು ಪಡೆದು ಪಾರಿತೋಷಕಗಳನ್ನು ಗಳಿಸಿದರು. ಅವನು ಓದನ್ನು ಮುಗಿಸದೆ ಊರಿಗೆ ಹೋಗಿ ಒಕ್ಕಲುತನಕ್ಕೆ ನಿಂತನು. ಇಂದಿಗೂ ಅವನ ಊರಿನ ಜಗುಲಿಯಲ್ಲಿ ಸಂಜೆಗೆ ನಾಲ್ಕಾರು ಮಕ್ಕಳು ಅವನ ಮುಂದೆ ಪುಸ್ತಕ ತೆರೆದು ಕೂಡ್ರುವರು. ಆ ಪಾಠಶಾಲೆಯ ಯಾವ ಪಟ್ಟಿಯಲ್ಲಿಯೂ ಅವನ ಹೆಸರು ಇರಲಾರದು. ನಮ್ಮ ಪಟ್ಟಿಯಲ್ಲಿ ಅಂಥವನಿಗೊಂದು ಸ್ಥಳವಿರಬೇಕು.

ಅಂಥದೇ ಇನ್ನೊಂದು ಮಾತು. ಹಳೆಯ ಕಾಲದ ಪ್ರಸಾದನಿಲಯಗಳು ಬಹುತೇಕವಾಗಿ ಗಂಡುಮಕ್ಕಳಿಗಾಗಿಯೇ ಹುಟ್ಟಿದವು. ಅಕ್ಕಂದಿರು ಮನೆಯಲ್ಲಿ ದನ ಕಾಯ್ದು, ಹೊಲದಲ್ಲಿ ಕಳೆ ತೆಗೆದು, ಉಳಿಸಿದ ಕಾಸಿನಿಂದ ತಮ್ಮಂದಿರು ಪುಸ್ತಕ ಕೊಂಡರು. ತಮ್ಮಂದಿರ ಹೆಸರು ಸ್ಮರಣಸಂಚಿಕೆಗಳಲ್ಲಿ ಬಂದಿತು. ಅಕ್ಕಂದಿರು ಅವನ್ನು ಓದಲಾರದೆ ಚಿತ್ರ ನೋಡಿ ಸಂತೋಷಪಟ್ಟರು. ಕಲ್ಯಾಣದ ಮಹಾಮನೆಯಲ್ಲಿ ಅಳತೆಯು ತಪ್ಪಿದಾಗ ತಿದ್ದಿದವರು ಒಬ್ಬ ತಾಯಿ ಎಂಬದನ್ನು ಈಗಾಗಲೇ ಹೇಳಿರುವೆನು. ಇಂದು ನಮ್ಮ ಶಾಲೆಗಳಲ್ಲಿ ಹೆಣ್ಣುಮಕ್ಕಳು ಸಾಲುಸಾಲಾಗಿ ಬಂದು ಓದುತ್ತಿರುವದು ಆ ಹಳೆಯ ಸಾಲವನ್ನು ತೀರಿಸುವ ಆರಂಭ ಮಾತ್ರ. ಹಳ್ಳಿಯ ಹುಡುಗಿಯೊಬ್ಬಳು ಮನೆಗೆಲಸವನ್ನು ಮುಗಿಸಿ, ಎರಡು ಹರಿದಾರಿ ನಡೆದು ಬಂದು, ನಡುವಿನ ಅಂಕಗಳಲ್ಲಿ ತೇರ್ಗಡೆಯಾಗಿದ್ದರೆ, ಅವಳು ನಡೆದ ದಾರಿಯನ್ನೂ ಅಂಕಗಳ ಜೊತೆಗೆ ಕೂಡಿಸಿ ಎಣಿಸತಕ್ಕದ್ದು.

ಕೊನೆಗೆ ಸೇವಕವರ್ಗದವರ ಮಾತು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಾವು ಸಭೆಸಭೆಗಳಲ್ಲಿ ಹೇಳುತ್ತ ಬಂದಿರುವೆವು. ನುಲಿಯ ಹೊಸೆದ ಚಂದಯ್ಯನವರನ್ನೂ, ಕಸ ಗುಡಿಸಿದ ಸತ್ಯಕ್ಕನವರನ್ನೂ ಸಮಾನವಾಗಿ ಶರಣರೆಂದು ನಮಿಸುತ್ತೇವೆ. ಎಂಟುನೂರು ವರ್ಷಗಳ ಹಿಂದಿನ ಸತ್ಯಕ್ಕನಿಗೆ ನಮಿಸುವದು ಸುಲಭ. ಈ ಹೊತ್ತು ನಸುಕಿನಲ್ಲಿ ಇದೇ ಅಂಗಳವನ್ನು ಗುಡಿಸಿದವಳ ಹೆಸರು ಏನೆಂಬದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಬೆಳಗಿನ ನಾಲ್ಕು ಗಂಟೆಗೆ ಒಲೆ ಹೊತ್ತಿಸದಿದ್ದರೆ ಹತ್ತು ಗಂಟೆಗೆ ಪಾಠವು ನಡೆಯುವದಿಲ್ಲ. ಹಸಿದ ಹೊಟ್ಟೆಗೆ ಯಾವ ಸೂತ್ರವೂ ಇಳಿಯುವದಿಲ್ಲವೆಂಬದನ್ನು ಪಾಠಶಾಲೆಯಲ್ಲಿ ಬೆಳೆದ ನಾನು ಚೆನ್ನಾಗಿ ಬಲ್ಲೆನು. ಆದುದರಿಂದ ಅಡಿಗೆಯ ಮನೆಯವರನ್ನು ಬೇರೊಂದು ದಿನ ಬೇರೊಂದು ಮೂಲೆಯಲ್ಲಿ ಗೌರವಿಸುವದೆಂದರೆ, ಅನ್ನವನ್ನು ಹಿಂದಿನ ಬಾಗಿಲಿನಿಂದ ತರಿಸಿಕೊಂಡು ಅಕ್ಷರವನ್ನು ಮುಂದಿನ ಬಾಗಿಲಿನಿಂದ ಕರೆದಂತಾಗುವದು. ಶ್ರೀಗಳವರು ಈ ವರ್ಷ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂಡ್ರಿಸಿರುವರು. ಸಭೆಯು ಒಂದು ತಾಸು ಹೆಚ್ಚಾಗಿ ಬೆಳೆದರೂ ಚಿಂತೆಯಿಲ್ಲ. ಈ ಪದ್ಧತಿಯು ನಿಲ್ಲಬಾರದು.

ಹೀಗೆ ಮೂರು ಅರಿಕೆಗಳನ್ನು ಭಕ್ತಮಂಡಲಿಯ ಮುಂದೆ ಇಡುತ್ತೇನೆ. ಒಂದನೆಯದಾಗಿ, ದಾಸೋಹಿಗಳ ಹೆಸರುಗಳನ್ನು ಅಕ್ಷರಾನುಕ್ರಮದಿಂದ ಓದೋಣ. ಮೊತ್ತಗಳು ಲೆಕ್ಕದ ಪುಸ್ತಕದಲ್ಲಿ ಇರಲಿ. ಆ ಪುಸ್ತಕವು ಮಾತ್ರ ಕೇಳಿದವರಿಗೆಲ್ಲ ತೆರೆದಿರಲಿ. ಏಕೆಂದರೆ ಮೊತ್ತವನ್ನು ಸಾರುವದು ಒಂದು, ಲೆಕ್ಕವನ್ನು ಒಪ್ಪಿಸುವದು ಇನ್ನೊಂದು. ಮೊದಲನೆಯದು ಬೇಡ, ಎರಡನೆಯದು ತಪ್ಪಬಾರದು. ಎರಡನೆಯದಾಗಿ, ವಿದ್ಯಾರ್ಥಿಗಳ ಆಯ್ಕೆಯಲ್ಲಿ ಅರ್ಧ ಭಾಗವನ್ನು ಪರೀಕ್ಷೆಯ ಫಲಕ್ಕೂ, ಉಳಿದರ್ಧವನ್ನು ಶಿಕ್ಷಕರೂ ನಿಲಯದ ಮೇಲ್ವಿಚಾರಕರೂ ಅಡಿಗೆಯವರೂ ಕೂಡಿ ಕುಳಿತು ಹೇಳುವ ಮಾತಿಗೂ ಬಿಡೋಣ. ಯಾವ ಹುಡುಗನು ತನ್ನ ತಟ್ಟೆಯೊಡನೆ ಇನ್ನೊಬ್ಬನ ತಟ್ಟೆಯನ್ನೂ ತೊಳೆದಿಡುವನೆಂಬದನ್ನು ಬಲ್ಲವರು ಅಡಿಗೆಯವರೇ. ಮೂರನೆಯದಾಗಿ, ಸೇವಕವರ್ಗದವರ ಸನ್ಮಾನವು ಇದೇ ಸಭೆಯಲ್ಲಿ, ಇದೇ ವೇದಿಕೆಯಲ್ಲಿ, ಸಾಧ್ಯವಾದರೆ ಎಲ್ಲರಿಗಿಂತ ಮೊದಲು ನಡೆಯಲಿ.

ಈ ದಿನ ಸನ್ಮಾನಿತರಾದವರಿಗೂ ಒಂದು ಮಾತು. ಹೊದಿಸಿದ ಶಾಲು ಬೆಚ್ಚಗಿರುವದು. ಅದರ ಬೆಚ್ಚಗಿನಲ್ಲಿ ನಿದ್ದೆ ಬರಬಾರದು. ಸನ್ಮಾನವೆಂದರೆ ಸಮಾಜವು ನಿಮ್ಮ ಕೈಗೆ ಒಂದು ಅಳತೆಯ ಪಾತ್ರೆಯನ್ನು ಕೊಟ್ಟಿತೆಂದು ತಿಳಿಯಿರಿ. ಇನ್ನು ಮುಂದೆ ಆ ಪಾತ್ರೆಯಿಂದ ನೀವು ಇತರರಿಗೆ ಅಳೆದು ಕೊಡಬೇಕು. ಸನ್ಮಾನಿತರಾಗದೆ ಸಭೆಯಲ್ಲಿ ಕುಳಿತಿರುವ ಮಕ್ಕಳೇ, ನಿಮ್ಮ ಹೆಸರನ್ನು ಈ ಹೊತ್ತು ಓದಲಿಲ್ಲವೆಂದು ಕುಗ್ಗಬೇಡಿರಿ. ಕಾಡಶೆಟ್ಟಿಹಳ್ಳಿಯ ಗದಿಗೆಯ್ಯನ ಹೆಸರನ್ನು ಓದಲು ಯಾವ ಶಾಲೆಯ ಪಟ್ಟಿಯೂ ಇರಲಿಲ್ಲ. ನಿಮ್ಮ ಹಾಡನ್ನು ಕೇಳುವ ಕಿವಿಯು ಎಲ್ಲಿಯೋ ಇರುವದು. ಅದು ಬರುವವರೆಗೆ ಶ್ರುತಿಯನ್ನು ಬಿಡಬೇಡಿರಿ.

ಶ್ರೀಗಳವರ ಕೃಪೆಯಿಂದಲೂ, ಭಕ್ತರೆಲ್ಲರ ಕಾಯಕದಿಂದಲೂ ಈ ವಿದ್ಯಾದಾಸೋಹವು ಅಖಂಡವಾಗಿ ನಡೆಯಲಿ, ನಮ್ಮ ಅಳತೆಯ ಪಾತ್ರೆಯು ಎಂದಿಗೂ ಸರಿಯಾಗಿರಲಿ ಎಂದು ಪ್ರಾರ್ಥಿಸುತ್ತೇನೆ.

ಶಿವಂ ಭೂಯಾತ್.